ಆರು ಶನಿವಾರಕ್ಕೆ ಒಂದು ವರ್ಷದ ಸಹಿ ಹಾಕಲ್ಲ: ಇಂಗ್ಲೆಂಡಿನ ಕನ್ನಡದ ಅಪ್ಪ ಅಮ್ಮಂದಿರಿಗೆ ಬಹಿರಂಗ ಪತ್ರ

ಪ್ರೀತಿಯ ಅಪ್ಪ ಅಮ್ಮಂದಿರೇ,

ನಮಸ್ಕಾರ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನನ್ನನ್ನು ಆಂಟಿ ಅಂತ ಕರೆಯುವ ಮಕ್ಕಳ ಮನೆಯವರು ನೀವು. ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ. ಅದಕ್ಕೇ ಇದನ್ನು ಬರೆಯೋಕೆ ಮುಜುಗರ. ಒಬ್ಬೊಬ್ಬರಿಗೇ ಹೇಳೋಕೆ ಇನ್ನೂ ಜಾಸ್ತಿ ಮುಜುಗರ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಪತ್ರ.

ಹೋದ ತಿಂಗಳು ಒಬ್ಬರು ಫೋನ್ ಮಾಡಿದ್ದರು. ಯಾರು ಅಂತ ಊಹಿಸಲು ಹೋಗಬೇಡಿ. ಇದೇ ಮಾತನ್ನು ಈ ವರ್ಷ ಕೇಳಿದವರು ಅವರೊಬ್ಬರೇ ಅಲ್ಲ. ಮಗಳು ಗೋಲ್ಡ್ ಡಿ ಆಫ್ ಇ ಮಾಡುತ್ತಿದ್ದಾಳೆ, ಇಲ್ಲಿ ಯುವಕ ಯುವತಿಯರಿಗೆ ಇರುವ ಒಂದು ಅವಾರ್ಡಿನ ಕೊನೆಯ ಮೆಟ್ಟಿಲು. ವಾಲಂಟಿಯರಿಂಗ್ ಭಾಗಕ್ಕೆ ನಮ್ಮ ಕ್ಲಾಸನ್ನೇ ಬರೆಸಿದ್ದಾಳೆ. ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ. ಹನ್ನೆರಡು ತಿಂಗಳು ಆಗಬೇಕು. ಬಂದಿದ್ದು ಆರು ಶನಿವಾರ.

"ಅಸೆಸರ್ ರಿಪೋರ್ಟ್ ಒಂದು ಹಾಕಿಬಿಡಿ, ಯೂನಿವರ್ಸಿಟಿಯ ಯೂಕ್ಯಾಸ್ ಅರ್ಜಿ ಹತ್ತಿರ ಬಂತು. ಹೇಗಿದ್ರೂ ಮನೇಲಿ ತಮ್ಮನಿಗೆ ಕನ್ನಡ ಹೇಳ್ಕೊಡ್ತಾಳಲ್ಲ" ಅಂದರು.

ಅಸೆಸರ್ ಅಂದರೆ ಕೆಲಸ ನಡೆದಿದೆ ಅಂತ ನೋಡಿ ಸಹಿ ಹಾಕುವವರು. ಮನೆಯವರು ಅಸೆಸರ್ ಆಗುವ ಹಾಗಿಲ್ಲ ಅಂತ ನಿಯಮವಿದೆ. ಇಲ್ಲದಿದ್ದರೆ ನನಗೆ ಆ ಫೋನೇ ಬರುತ್ತಿರಲಿಲ್ಲವೇನೋ.

ನಾನು "ನೋಡೋಣ" ಅಂದೆ. ನಮ್ಮವರ ಮಧ್ಯೆ ಆಗಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಫೋನ್ ಇಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. "ನೀವು ಅರಮನೆಗೇ ಹೋಗಿ ರಾಣಿ ಗಂಡನ ಕೈ ಕುಲುಕಿ ಬಂದವರು. ಇದರ ಬೆಲೆ ನಿಮಗೆ ಹೇಳಬೇಕಾ?"

ಮೊದಲು ಅದನ್ನು ಸರಿಪಡಿಸಿಬಿಡುತ್ತೇನೆ. ಅವರು ನನ್ನ ಕೈ ಕುಲುಕಲಿಲ್ಲ. ನನ್ನ ಎದುರು ನಿಂತಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನಾನು ಒಂದು ಸುಳ್ಳು ಹೇಳಿದೆ. ಇಷ್ಟು ವರ್ಷ ಯುಗಾದಿ ಊಟದಲ್ಲಿ, ಗಣಪತಿ ಹಬ್ಬದಲ್ಲಿ ಯಾರು ಕೇಳಿದರೂ ಸುಮ್ನೆ ನಕ್ಕು ಜಾರಿಕೊಂಡಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ.

ಈ ಪತ್ರ ಬೆಂಗಳೂರಿನ ನಮ್ಮ ಕಸಿನ್‌ಗಳ ಗುಂಪಿಗೂ ಹೋಗುತ್ತದೆ ಅಂತ ಗೊತ್ತು. ಅವರಿಗಾಗಿ ಎರಡು ಮಾತು. ಡಿ ಆಫ್ ಇ ಅಂದರೆ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್. ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ 1956ರಲ್ಲಿ ಶುರು ಮಾಡಿದ್ದು. ಮೊದಲು ಹುಡುಗರಿಗೆ ಮಾತ್ರ ಇತ್ತು, ಎರಡು ವರ್ಷದ ಮೇಲೆ ಹುಡುಗಿಯರಿಗೂ ಬಂತು. ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಮೂರು ಮೆಟ್ಟಿಲು. ಬೇರೆಯವರಿಗಾಗಿ ದುಡಿಯಬೇಕು, ಮೈ ಬಗ್ಗಿಸಬೇಕು, ಒಂದು ವಿದ್ಯೆ ಕಲಿಯಬೇಕು, ಬೆನ್ನ ಮೇಲೆ ಮನೆ ಹೊತ್ತು ಬೆಟ್ಟ ಗುಡ್ಡ ನಡೆಯಬೇಕು. ಗೋಲ್ಡಿಗಾದರೆ ಗುರುತಿಲ್ಲದವರ ಜೊತೆ ಐದು ದಿನ ಇದ್ದು ಬರಬೇಕು. ಇದು ಸ್ಪರ್ಧೆಯಲ್ಲ. ಇಲ್ಲಿ ಯಾರೂ ಫಸ್ಟ್ ಬರುವುದಿಲ್ಲ. ನಮ್ಮವರಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ. ಭಾರತದಲ್ಲೂ 1962ರಿಂದ ಇದೆ, ಹೆಸರು ಬೇರೆ ಅಷ್ಟೇ. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಈಗಲೂ ನಡೆಯುತ್ತದೆ. ಸಹಿಗಾಗಿ ಓಡಾಟವೂ ನಡೆಯುತ್ತದಂತೆ, ನನ್ನ ಕಸಿನ್ ಹೇಳಿದ್ದು.

ಈಗ ನನ್ನ ಕಥೆ. ಅಪ್ಪ ಡಾಕ್ಟರು. ನಾನು ಏಳು ವರ್ಷದವಳಿದ್ದಾಗ ಮೈಸೂರಿನಿಂದ ಲ್ಯಾಂಕಶೈರಿನ ಬರ್ನ್ಲಿಗೆ ಬಂದೆವು. ಒಂದು ಕಾಲಕ್ಕೆ ಹತ್ತಿಬಟ್ಟೆ ನೇಯುವುದರಲ್ಲಿ ಹೆಸರಾಗಿದ್ದ ಊರು. ನಾವು ಬರುವ ಹೊತ್ತಿಗೆ ಗಿರಣಿಗಳೆಲ್ಲ ಹೆಚ್ಚುಕಡಿಮೆ ಮುಚ್ಚಿ, ಎತ್ತರದ ಚಿಮಣಿಗಳು ಮಾತ್ರ ಉಳಿದಿದ್ದವು. ಶಾಲೆಯಲ್ಲಿ ಡಿ ಆಫ್ ಇ ಇತ್ತು. ಗೆಳತಿಯರೆಲ್ಲ ಸೇರಿದರು, ನಾನೂ ಸೇರಿದೆ. ಇದರ ಹಿಂದೆ ದೊಡ್ಡ ಉದ್ದೇಶ ಏನೂ ಇರಲಿಲ್ಲ. ಬೂಟು ಶಾಲೆಯ ಸ್ಟೋರಿನದು, ನನಗಿಂತ ಮುಂಚೆ ಎಷ್ಟು ಕಾಲು ಕಂಡಿತ್ತೋ. ರೇನ್‌ಕೋಟು ಅಪ್ಪನದು, ಮೊಣಕಾಲು ದಾಟುತ್ತಿತ್ತು.

ಗೋಲ್ಡಿನ ಸೇವೆಗೆ ಊರಿನ ಒಂದು ವೃದ್ಧಾಶ್ರಮ ಹಿಡಿದೆ. ಶನಿವಾರ ಮಧ್ಯಾಹ್ನ ಹೋಗಿ ಟೀ ಕೊಡುವುದು, ಕಪ್ಪು ತೊಳೆಯುವುದು, ಯಾರಾದರೂ ಮಾತಾಡಿದರೆ ಕೂತು ಕೇಳುವುದು. ಆಗ ಈಗಿನ ಹಾಗೆ ಆನ್‌ಲೈನ್ ಇರಲಿಲ್ಲ. ರೆಕಾರ್ಡ್ ಬುಕ್ ಅಂತ ಒಂದು ಪುಸ್ತಕ. ಒಂದೊಂದು ಭಾಗಕ್ಕೂ ಒಬ್ಬರು ಷರಾ ಬರೆದು ಸಹಿ ಮಾಡಬೇಕು. ನನ್ನ ಪುಸ್ತಕಕ್ಕೆ ಸಹಿ ಹಾಕಬೇಕಾದವರು ಆಶ್ರಮದ ಮೇಟ್ರನ್.

ವರ್ಷ ಮುಗಿಯಿತು ಅಂತ ಪುಸ್ತಕ ಹಿಡಿದು ಅವರ ಮುಂದೆ ನಿಂತೆ. ಅವರು ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದರು. ಯಾವುದೋ ಕಸಾಯಿ ಅಂಗಡಿಯವರು ಕ್ರಿಸ್‌ಮಸ್‌ಗೆ ಹಂಚುವ ಕ್ಯಾಲೆಂಡರ್. ನಾನು ಬಂದ ಪ್ರತಿ ಶನಿವಾರಕ್ಕೂ ಪೆನ್ಸಿಲ್ಲಿನಲ್ಲಿ ಚಿಕ್ಕದೊಂದು ಗೀಟು. ಅವರು ಬೆರಳಿಟ್ಟು ಎಣಿಸಿದರು. ಮೂರು ಕಡೆ ಗೀಟಿರಲಿಲ್ಲ. ಒಂದು ನನ್ನ ಗೆಳತಿಯ ಹುಟ್ಟುಹಬ್ಬ, ಒಂದು ಪರೀಕ್ಷೆ. ಇನ್ನೊಂದು ದಿನ ಮಳೆ ಬರುತ್ತಿತ್ತು ಅಂತ ಹೊದ್ದು ಮಲಗಿದ್ದೆ.

ಅವರು ಬೈಯಲಿಲ್ಲ. ಮೂರು ಬಾಕಿ ಇದೆ ಅಂದು ಪುಸ್ತಕ ವಾಪಸ್ ಕೊಟ್ಟರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮನೆಗೆ ಬಂದು ಅಮ್ಮನ ಹತ್ತಿರ ಹಾರಾಡಿದೆ. ವರ್ಷವಿಡೀ ಬಿಟ್ಟಿ ದುಡಿದಿದ್ದೇನೆ, ಮೂರು ದಿನಕ್ಕೆ ಹೀಗೆ ಮಾಡ್ತಾರಲ್ಲ ಅಂತ. ಅಮ್ಮ ಬದನೆಕಾಯಿ ಹೆಚ್ಚುತ್ತಿದ್ದಳು. "ಹೋಗಿಲ್ಲ ತಾನೇ? ಹೋಗು" ಅಂದಳು. ಅಷ್ಟೇ. ಅವಳು ಮೇಟ್ರನ್‌ಗೆ ಫೋನ್ ಮಾಡಬಹುದಿತ್ತು. ಅಪ್ಪ ಊರಿನಲ್ಲಿ ಡಾಕ್ಟರು, ಒಂದು ಮಾತು ಹೇಳಿಸಬಹುದಿತ್ತು. ಆ ಯೋಚನೆಯೇ ಅವರಿಬ್ಬರಿಗೂ ಬರಲಿಲ್ಲ ಅನಿಸುತ್ತದೆ.

ಬಾಕಿಯ ಮೊದಲ ಶನಿವಾರ ಮುಖ ಊದಿಸಿಕೊಂಡು ಹೋಗಿ ಬಂದೆ. ಎರಡನೆಯ ಶನಿವಾರ ಅಮ್ಮನ ಫೋನ್ ಬಂತು. ನಾನು ಕಿಟಕಿ ಹತ್ತಿರ ಹೋಗಿ ನಿಂತು, ಸಂಜೆ ಯಾರ ಮನೆಗೋ ಊಟಕ್ಕೆ ಬರಲ್ಲ ಅಂತ ಮೆಲ್ಲಗೆ ಜಗಳ ಆಡುತ್ತಿದ್ದೆ. ಹಾಲಿನ ಆ ಮೂಲೆಯಲ್ಲಿ ಒಬ್ಬರು ಅಜ್ಜಿ ಕೂರುತ್ತಿದ್ದರು. ಅವರಿಗೆ ಕಿವಿ ಪೂರ್ತಿ ಮಂದ. ಒಂದು ವರ್ಷ ಟೀ ಕೊಟ್ಟಿದ್ದರೂ ಅವರ ಜೊತೆ ನಾನು ಎರಡು ಮಾತು ಆಡಿರಲಿಲ್ಲ. ಕಿವಿ ಕೇಳದವರ ಹತ್ತಿರ ಏನು ಮಾತು ಅಂತ. ಫೋನ್ ಇಟ್ಟ ಮೇಲೆ ಅವರು ಕೈ ಬೀಸಿ ಕರೆದರು. ಅಮ್ಮನ ಹತ್ತಿರ ಜಗಳ ಆಡ್ತಿದ್ದೆ ಅಲ್ವಾ ಅಂದರು.

ನಾನು ಕಕ್ಕಾಬಿಕ್ಕಿ. ಮಾತಾಡಿದ್ದು ಕನ್ನಡದಲ್ಲಿ, ಅದೂ ಹಾಲಿನ ಆ ಕಡೆ ನಿಂತು.

ಅವರು ಹದಿಹರೆಯದಲ್ಲೇ ಗಿರಣಿಗೆ ಹೋಗಿ ನೇಯುವುದಕ್ಕೆ ನಿಂತವರು. ಒಬ್ಬೊಬ್ಬರು ನಾಲ್ಕು ಮಗ್ಗ ನೋಡಿಕೊಳ್ಳಬೇಕು. ಅಂಥ ನೂರಾರು ಮಗ್ಗ ಒಂದೇ ಸೂರಿನ ಕೆಳಗೆ. ಆ ಗದ್ದಲದಲ್ಲಿ ಪಕ್ಕದವಳು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಲ್ಯಾಂಕಶೈರಿನ ನೇಕಾರ ಹೆಂಗಸರು ತುಟಿ ನೋಡಿ ಮಾತು ಓದುವುದನ್ನು ಕಲಿತಿದ್ದರು. ಬಾಯಿಯನ್ನು ಅಗಲಗಲ ಆಡಿಸಿ, ಮುಖವೆಲ್ಲ ಕುಣಿಸಿ, ಸದ್ದಿಲ್ಲದೆ ಇಡೀ ಊರಿನ ಸುದ್ದಿ ಮಾತಾಡುತ್ತಿದ್ದರು. ಮಗ್ಗ ಹೋಯಿತು, ಕಿವಿ ಹೋಯಿತು, ಆ ವಿದ್ಯೆ ಹಾಗೇ ಉಳಿದಿತ್ತು. ಅಂದರೆ ಒಂದು ವರ್ಷ ನಾವು ಸಹಾಯಕ್ಕೆ ಬಂದ ಹುಡುಗಿಯರು ಅಡುಗೆಮನೆ ಬಾಗಿಲಲ್ಲಿ ನಿಂತು ಆಡಿಕೊಂಡಿದ್ದೆಲ್ಲ ಅವರಿಗೆ ಗೊತ್ತು! ನನ್ನ ಕನ್ನಡ ಮಾತ್ರ ಒಂದಕ್ಷರ ಓದೋಕಾಗಿರಲಿಲ್ಲ. ಆದರೆ ಮುಖ ನೋಡಿದರೆ ಎದುರಿಗಿರುವುದು ತಾಯಿಯೇ ಅಂತ ತಿಳಿಯಿತಂತೆ.

ಆ ಮಧ್ಯಾಹ್ನ ಕಪ್ಪು ತೊಳೆಯೋಕೆ ಹೋಗಲಿಲ್ಲ. ಅವರು ತಮ್ಮ ತುಟಿಭಾಷೆ ಹೇಳಿಕೊಟ್ಟರು. ನಾನು ಕನ್ನಡದ ನಾಲ್ಕಾರು ಪದ ಆಡಿ ತೋರಿಸಿದೆ. ಹಾಲು ಅಂದರೆ ಬಾಯಿ ತೆರೆದು ಮುಂದಕ್ಕೆ ಬರುತ್ತದೆ, ಅವರಿಗೆ ಸುಲಭವಾಯಿತು. ಳ ಅನ್ನುವುದು ತುಟಿಯಲ್ಲಿ ಕಾಣುವುದೇ ಇಲ್ಲ, ಅದಕ್ಕೆ ನನಗೇ ಬೈದರು.

ಮೂರನೆಯ ಶನಿವಾರ ನಾನು ಒಳಗೆ ಕಾಲಿಟ್ಟಾಗ ಅವರು ಹಾಲಿನ ಮೂಲೆಯಿಂದ, ಒಂದಿಷ್ಟೂ ಸದ್ದು ಮಾಡದೆ, ಕೆನ್ನೆಯೆಲ್ಲ ಅಲುಗುವ ಹಾಗೆ ಬಾಯಿ ಆಡಿಸಿದರು. ಊಟ ಆಯ್ತಾ.

ಅವತ್ತೇ ಮೇಟ್ರನ್ ಸಹಿ ಹಾಕಿದರು. ನಾನು ಆಮೇಲೂ ಹೋಗುತ್ತಿದ್ದೆ, ಯೂನಿವರ್ಸಿಟಿಗೆ ಹೊರಡುವವರೆಗೂ. ಅದಕ್ಕೆ ಕ್ಯಾಲೆಂಡರಿನಲ್ಲಿ ಗೀಟು ಎಳೆದರೋ ಇಲ್ಲವೋ ನೋಡಲಿಲ್ಲ.

ಇನ್ನು ಬೆಟ್ಟದ ಕಥೆ. 2000ನೇ ಇಸವಿಯ ಜುಲೈ, ಲೇಕ್ ಡಿಸ್ಟ್ರಿಕ್ಟ್. ಆಗ ಗೋಲ್ಡಿಗೆ ನಾಲ್ಕು ದಿನದಲ್ಲಿ 50 ಮೈಲಿ ನಡೆಯಬೇಕಿತ್ತು. ಮೂರು ರಾತ್ರಿ ಟೆಂಟು. ಆರು ಜನ ಹುಡುಗಿಯರು. ಸ್ಪಿರಿಟ್ ಒಲೆ, ನಕ್ಷೆ, ದಿಕ್ಸೂಚಿ. ದೊಡ್ಡವರು ದೂರದಿಂದ ಗಮನಿಸುತ್ತಾರೆ, ಜೊತೆಗೆ ನಡೆಯುವುದಿಲ್ಲ. ನಮ್ಮಮ್ಮ ಒಗ್ಗರಣೆ ಹಾಕಿ ಹುಣಸೆಪುಡಿ, ಬೆಲ್ಲ, ಕೊಬ್ಬರಿ ಎಲ್ಲ ಬೆರೆಸಿದ ಹುಳಿ ಅವಲಕ್ಕಿ ಪುಡಿ ಕಟ್ಟಿಕೊಟ್ಟಿದ್ದಳು. ಬಿಸಿನೀರು ಹೊಯ್ದು ಐದು ನಿಮಿಷ ಮುಚ್ಚಿಟ್ಟರೆ ಊಟ ರೆಡಿ. ಉಳಿದವರದು ಒಣ ಪಾಸ್ಟಾ, ಬೇಯೋಕೆ ಅರ್ಧ ಬಾಟಲಿ ಸ್ಪಿರಿಟ್ ಕುಡಿಯುತ್ತಿತ್ತು. ಎರಡನೆಯ ರಾತ್ರಿಯಿಂದ ಆರೂ ಜನಕ್ಕೆ ಅವಲಕ್ಕಿ. ನಾಲ್ಕನೆಯ ದಿನ ಚಟ್ನಿಪುಡಿ ಡಬ್ಬಿಯ ತಳ ನೆಕ್ಕಲು ಸರದಿ ಹಾಕಿದ್ದೆವು. ನಿಮ್ಮ ಮಕ್ಕಳಿಗೂ ಇದನ್ನೇ ಕಟ್ಟಿ. ಪಾಕೆಟ್ ಊಟಕ್ಕೆ ಸುರಿಯುವ ದುಡ್ಡು ಉಳಿಯುತ್ತದೆ.

ಮೂರನೆಯ ದಿನ ನಕ್ಷೆ ನನ್ನ ಕೈಯಲ್ಲಿತ್ತು. ಆಂಗಲ್ ಟಾರ್ನ್ ಅನ್ನುವ ಕೊಳ ದಾಟಿ ಎಸ್ಕ್ ಹಾಸ್ ಅನ್ನುವ ಕಣಿವೆದಾರಿಗೆ ಹತ್ತಿದೆವು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್. ಅಲ್ಲಿ ನಾಲ್ಕಾರು ದಾರಿ ಕೂಡುತ್ತವೆ. ಕಲ್ಲಿನಲ್ಲಿ ಶಿಲುಬೆಯಾಕಾರಕ್ಕೆ ಕಟ್ಟಿದ ಒಂದು ಗೋಡೆ ಇದೆ, ಗಾಳಿ ಯಾವ ಕಡೆಯಿಂದ ಬೀಸಿದರೂ ಇನ್ನೊಂದು ಕಡೆ ಕೂರಬಹುದು. ಮಂಜು ಬಿದ್ದರೆ ಪಳಗಿದವರೂ ಅಲ್ಲಿ ಎಡವುತ್ತಾರೆ. ಅವತ್ತು ಮಂಜು ಹೇಗಿತ್ತು ಅಂದರೆ ನನ್ನ ಮುಂದಿನವಳ ಬ್ಯಾಗು ಕಾಣುತ್ತಿತ್ತು, ಅವಳ ತಲೆ ಕಾಣುತ್ತಿರಲಿಲ್ಲ.

ನಾವು ವಾಯವ್ಯಕ್ಕೆ ಇಳಿದು ಸ್ಟೈ ಹೆಡ್ ಸೇರಬೇಕಿತ್ತು. ನಾನು ಎಲ್ಲರನ್ನೂ ದಕ್ಷಿಣಕ್ಕೆ ಇಳಿಸಿದೆ. ದಿಕ್ಸೂಚಿ ಸರಿಯಾಗೇ ತೋರಿಸುತ್ತಿತ್ತು. ಒಬ್ಬಳು ಹೇಳಿದಳು ಕೂಡ. ಒಲೆಯ ಕಬ್ಬಿಣಕ್ಕೆ ಸೂಜಿ ತಿರುಗಿದೆ ಅಂದುಬಿಟ್ಟೆ. ಆ ಒಲೆ ಅಲ್ಯೂಮಿನಿಯಂದು! ಒಂದು ಗಂಟೆ ಇಳಿದ ಮೇಲೆ ಮಂಜು ಸ್ವಲ್ಪ ಹರಿಯಿತು. ಕೆಳಗೆ ಕಂಡಿದ್ದು ಬೇರೆಯೇ ಕಣಿವೆ. ಎಸ್ಕ್ ನದಿ ಹುಟ್ಟುವ ಜಾಗ, ಜೌಗು ನೆಲ, ಒಂದು ಮನೆಯಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಳಿದಿದ್ದನ್ನೆಲ್ಲ ಮತ್ತೆ ಹತ್ತಿದೆವು. ನಾನು ಎಲ್ಲರಿಗಿಂತ ಹಿಂದೆ ಇದ್ದೆ, ಅತ್ತಿದ್ದು ಕಾಣಬಾರದು ಅಂತ. ಸ್ಟೈ ಹೆಡ್‌ನಲ್ಲಿ ನಮ್ಮ ಸೂಪರ್‌ವೈಸರ್ ಮೂರು ಗಂಟೆಯಿಂದ ಕಾಯುತ್ತಿದ್ದರು. ಗಡಿಯಾರ ನೋಡಿದರು, ಏನೋ ಬರೆದುಕೊಂಡರು, ಫ್ಲಾಸ್ಕಿನಿಂದ ಟೀ ಸುರಿದು ಮೊದಲು ನನ್ನ ಕೈಗೇ ಕೊಟ್ಟರು. ವಾಸ್ಡೇಲ್ ಹೆಡ್‌ನಲ್ಲಿ ಟೆಂಟು ಹಾಕುವಾಗ ರಾತ್ರಿ ಒಂಬತ್ತಾಗಿತ್ತು.

ಮುಂದಿನ ವರ್ಷ ಅರಮನೆಯ ಪತ್ರ ಬಂತು. ಲಂಡನ್ನಿನ ಸೇಂಟ್ ಜೇಮ್ಸಸ್ ಅರಮನೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಅಪ್ಪ ಅಮ್ಮನಿಗೆ ಬಿಟ್ಟುಕೊಟ್ಟರು. "ಅವರ ಮನೆ ಫ್ಯೂಸ್ ಏನಾದ್ರೂ ಹೋಗಿದ್ರೆ ನೋಡ್ಕೊಂಡು ಬನ್ನಿ" ಅಂತ ತಮಾಷೆ ಬೇರೆ. ಯಾಕೆ ಅಂದರೆ 1999ರಲ್ಲಿ ಎಡಿನ್‌ಬರೋ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹಳೇ ಫ್ಯೂಸ್ ಬಾಕ್ಸ್ ನೋಡಿ, ಇದನ್ನು ಯಾರೋ ಇಂಡಿಯನ್ ಹಾಕಿದ ಹಾಗಿದೆ ಅಂದುಬಿಟ್ಟಿದ್ದರು ಫಿಲಿಪ್. ದೊಡ್ಡ ಸುದ್ದಿಯಾಗಿ ಅರಮನೆ ವಿಷಾದ ಹೇಳಬೇಕಾಯಿತು. ಅಂಥ ಮಾತು ಅವರ ಬಾಯಿಂದ ಅದೊಂದೇ ಅಲ್ಲ, ಪಟ್ಟಿ ಉದ್ದವಿದೆ. ಹಾಗಾಗಿ ಆ ಮನುಷ್ಯನ ಎದುರು ನಿಲ್ಲಲು ನನಗೆ ಭಕ್ತಿಗಿಂತ ಕುತೂಹಲ ಜಾಸ್ತಿ ಇತ್ತು.

ಅಮ್ಮ ಮದುವೆಯ ಮೈಸೂರು ಸಿಲ್ಕ್ ಉಟ್ಟು ಬಂದಳು. ಅರಮನೆ ಎಂಟನೇ ಹೆನ್ರಿ 1530ರ ದಶಕದಲ್ಲಿ ಕಟ್ಟಿಸಿದ್ದು. ಹೊರಗಿನಿಂದ ಕೆಂಪು ಇಟ್ಟಿಗೆ, ಹಳೇ ಗೋಪುರದ ಬಾಗಿಲು. ಅಮ್ಮ ಮೇಲಿಂದ ಕೆಳಗೆ ನೋಡಿದಳು. "ಇದಾ ಅರಮನೆ? ನಮ್ಮ ಮೈಸೂರಿನದರ ಮುಂದೆ ಕೊಟ್ಟಿಗೆ ಇದ್ದಂಗಿದೆ" ಅಂದಳು, ಜೋರಾಗಿ, ಕನ್ನಡದಲ್ಲಿ. ಪುಣ್ಯಕ್ಕೆ ಮಗ್ಗದ ಅಜ್ಜಿಯೂ ಅಲ್ಲಿರಲಿಲ್ಲ. ಮೈಸೂರಿನ ಅರಮನೆಯ ನಕ್ಷೆ ಮಾಡಿದ್ದು ಹೆನ್ರಿ ಇರ್ವಿನ್ ಅನ್ನುವ ಬ್ರಿಟಿಷರವನೇ ಅಲ್ವಾ ಅಮ್ಮ ಅಂದೆ. "ನಕ್ಷೆ ಯಾರ್ದಾದ್ರೆ ಏನು, ಕಟ್ಟಿಸಿದ್ದು ನಮ್ಮ ಮಹಾರಾಣಿ."

ಒಳಗೆ ದೊಡ್ಡ ದೊಡ್ಡ ಕೋಣೆಗಳು, ಗೋಡೆ ತುಂಬ ಚಿತ್ರ. ನಮ್ಮನ್ನು ಪ್ರಾಂತ್ಯವಾರು ಗುಂಪು ಮಾಡಿ ಕುದುರೆಲಾಳದ ಹಾಗೆ ನಿಲ್ಲಿಸಿದರು. ಸರ್ಟಿಫಿಕೇಟ್ ಕೊಡುವುದಕ್ಕೆ ಬೇರೆ ಅತಿಥಿಗಳಿರುತ್ತಾರೆ, ಡ್ಯೂಕ್, ಅಂದರೆ ಫಿಲಿಪ್, ಬರುವುದು ಮಾತಾಡಿಸಿಕೊಂಡು ಹೋಗೋಕೆ. ಮೊದಲು ಯುವರ್ ರಾಯಲ್ ಹೈನೆಸ್ ಅನ್ನಿ, ಆಮೇಲೆ ಸರ್ ಸಾಕು ಅಂತ ಪಾಠ ಆಯಿತು.

ಬಾಗಿಲು ತೆರೆಯಿತು. ಎಂಬತ್ತರ ಆಸುಪಾಸಿನ ಎತ್ತರದ ಮುದುಕರು, ಕೈ ಹಿಂದೆ ಕಟ್ಟಿಕೊಂಡು, ನೆಟ್ಟಗೆ ನಡೆದು ಬಂದರು. ನನ್ನ ಆಚೆ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗ ಇದ್ದ. ಅವನ ಹತ್ತಿರ ಬಹಳ ಹೊತ್ತು ನಿಂತರು. ಆ ಗಾಲಿ ಬೆಟ್ಟದ ದಾರಿಯಲ್ಲಿ ಹೇಗೆ ಹೋಯಿತು, ಬ್ರೇಕು ಹೇಗೆ ಹಿಡಿಯಿತು, ಎಲ್ಲ ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಎಲ್ಲಿ ನಡೆದಿರಿ ಅಂತ ಕೇಳಿದರು. ಲೇಕ್ ಡಿಸ್ಟ್ರಿಕ್ಟ್ ಅಂದೆ. ದಾರಿ ತಪ್ಪಿತೋ ಅಂದರು.

ನಾನು "ನೋ, ಸರ್" ಅಂದೆ.

ಪಕ್ಕದಲ್ಲಿ ನಿಂತಿದ್ದವಳು ನನ್ನದೇ ತಂಡದವಳು. ದಿಕ್ಸೂಚಿ ಸರಿ ಇದೆ ಅಂತ ಹೇಳಿದವಳು ಅವಳೇ. ಅವಳ ಮೂಗಿನಿಂದ ಪುಸಕ್ಕನೆ ಒಂದು ಸದ್ದು ಬಂತು. ಡ್ಯೂಕ್ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ನಗುತ್ತಾ ಮುಂದೆ ಹೋದರು. ನನ್ನ ಕಿವಿ ಬೆಂಕಿಯಾಗಿತ್ತು. ಆ ಮನುಷ್ಯ ಅಂಥ ಕೋಣೆಗಳಲ್ಲಿ ಐನೂರಕ್ಕೂ ಹೆಚ್ಚು ಸಲ ಹೀಗೆ ಸುತ್ತು ಹಾಕಿದವರು. ದಾರಿ ತಪ್ಪಿದವರ ಮುಖ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರಲ್ವಾ?

ರಾತ್ರಿ ತಾತನಿಗೆ ಬೆಂಗಳೂರಿಗೆ ಫೋನ್. ತಾತ 1961ರ ಫೆಬ್ರವರಿಯಲ್ಲಿ ರಾಣಿ ಮತ್ತು ಫಿಲಿಪ್ ಬೆಂಗಳೂರಿಗೆ ಬಂದಾಗ ರಸ್ತೆ ಬದಿಯಲ್ಲಿ ನಿಂತು ನೋಡಿದ್ದವರು. ಆಗ ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ಗವರ್ನರು. ರಾಣಿ ಲಾಲ್‌ಬಾಗಿನಲ್ಲಿ ಒಂದು ಗಿಡ ನೆಟ್ಟರು. ತಾತನಿಗೆ ಕಂಡಿದ್ದು ಒಂದು ಕಾರು, ಒಂದು ಟೋಪಿ. ಈಗ ಮೊಮ್ಮಗಳು ಎದುರಾಎದುರು ನಿಂತು ಬಂದಿದ್ದಾಳೆ. "ಏನಂದ್ರಮ್ಮ?" ಅಂತ ಕೇಳಿದರು. "ದಾರಿ ತಪ್ಪಿತಾ ಅಂದ್ರು ತಾತ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ?" ಅಂದರು. ಅಜ್ಜಿಗೆ ಅದು ಸಾಲಲಿಲ್ಲ. ಮಾರನೇ ದಿನ ಜಯನಗರದ ನೆರೆಹೊರೆಗೆಲ್ಲ ರಾಣಿ ಗಂಡ ನಮ್ಮ ಪುಟ್ಟಿಗೆ ಕೈಕೊಟ್ಟು ಟೀ ಕುಡಿಸಿದರು ಅಂತ ಸುದ್ದಿ. ನಿಮ್ಮ ಕಿವಿಗೆ ಬಂದಿರುವ ಕಥೆ ಅದೇ.

ಫಿಲಿಪ್ ಬಗ್ಗೆ ನಾನು ಆಮೇಲೆ ಓದಿಕೊಂಡೆ. ಹುಟ್ಟಿದ್ದು ಗ್ರೀಸ್ ರಾಜಮನೆತನದಲ್ಲಿ. 1922ರಲ್ಲಿ ಆ ಕುಟುಂಬ ದೇಶ ಬಿಟ್ಟು ಓಡಿದಾಗ ಕೈಗೂಸು, ಕಿತ್ತಳೆಹಣ್ಣಿನ ಪೆಟ್ಟಿಗೆಯೇ ತೊಟ್ಟಿಲು. ಆಮೇಲೆ ಮನೆಯೇ ಒಡೆದು ಚೂರಾಯಿತು. ಹುಡುಗನಿಗೆ ನೆಲೆ ಸಿಕ್ಕಿದ್ದು ಸ್ಕಾಟ್‌ಲೆಂಡಿನ ಗೋರ್ಡನ್‌ಸ್ಟನ್ ಶಾಲೆಯಲ್ಲಿ. ಅದರ ಮೇಷ್ಟ್ರು ಕರ್ಟ್ ಹಾನ್, ಜರ್ಮನಿಯ ಯಹೂದಿ, ನಾಜಿಗಳ ಜೈಲು ಕಂಡು ದೇಶ ಬಿಟ್ಟು ಬಂದವರು. ಹುಡುಗರನ್ನು ಬೆಟ್ಟ, ಸಮುದ್ರ, ಊರಿನ ಕೆಲಸಕ್ಕೆ ಹಚ್ಚುವುದು ಅವರ ಹುಚ್ಚು. ಅವಾರ್ಡಿನ ಬೀಜ ಅಲ್ಲಿನದೇ. ಅದನ್ನು ಕಟ್ಟಿ ನಿಲ್ಲಿಸಲು ಕರೆಸಿಕೊಂಡಿದ್ದು ಜಾನ್ ಹಂಟ್ ಅವರನ್ನು, 1953ರಲ್ಲಿ ಎವರೆಸ್ಟ್ ಹತ್ತಿದ ತಂಡದ ನಾಯಕ. ಹಿಲರಿ, ತೇನ್‌ಸಿಂಗ್ ಹೆಸರು ಎಲ್ಲರಿಗೂ ಗೊತ್ತು. ತಾನು ತುದಿಗೆ ಹೋಗದೆ ಕೆಳಗೆ ನಿಂತು ಅವರನ್ನು ಕಳಿಸಿದ ಹಂಟ್ ಹೆಸರು ನಮ್ಮ ಕಡೆ ಯಾರಿಗೆ ನೆನಪಿದೆ? ಫಿಲಿಪ್ 2017ರಲ್ಲಿ, 96ನೇ ವಯಸ್ಸಿನಲ್ಲಿ, ಸಾರ್ವಜನಿಕ ಕೆಲಸ ನಿಲ್ಲಿಸಿದರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು, ನೂರಕ್ಕೆ ಎರಡೇ ತಿಂಗಳು ಕಡಿಮೆ. ಅವತ್ತು ಗುಂಪಿನಲ್ಲಿ ಫ್ಯೂಸ್ ಬಾಕ್ಸ್ ಜೋಕುಗಳು ಓಡಾಡಿದವು. ನಾನೂ ಒಂದು ಕಳಿಸಿದೆ. ಆಮೇಲೆ ಅಟ್ಟದಿಂದ ರೆಕಾರ್ಡ್ ಬುಕ್ ಹುಡುಕಿ ತೆಗೆದೆ. ಈಗ ಡ್ಯೂಕ್ ಆಫ್ ಎಡಿನ್‌ಬರೋ ಆಗಿರುವವರು ಫಿಲಿಪ್ ಮಗ ಎಡ್ವರ್ಡ್. ಅವರೂ ಹುಡುಗರಿದ್ದಾಗ ಗೋಲ್ಡ್ ಮಾಡಿದವರೇ.

ಆ ಪುಸ್ತಕದಲ್ಲಿ ಅರಮನೆಯ ಗುರುತು ಏನೂ ಇಲ್ಲ. ಇರುವುದು ಮೇಟ್ರನ್ ಕೈಬರಹ. ನೀಲಿ ಇಂಕು, ಓರೆ ಅಕ್ಷರ. ತಾರೀಖು ಮೂರು ವಾರ ತಡವಾಗಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಆರು ಶನಿವಾರಕ್ಕೆ ಹನ್ನೆರಡು ತಿಂಗಳ ಸಹಿ ನಾನು ಹಾಕುವುದಿಲ್ಲ. ಯಾರ ಮಗುವಾದರೂ ಸರಿ. ಬೇಜಾರಾದರೆ ಆಗಲಿ, ಊಟಕ್ಕೆ ಕರೆಯದಿದ್ದರೂ ಪರವಾಗಿಲ್ಲ. (ನಿಮ್ಮಲ್ಲಿ ಒಬ್ಬರ ಮನೆಯ ಬಿಸಿಬೇಳೆಬಾತ್ ತಪ್ಪಿದರೆ ನನಗೆ ನಿಜವಾಗಲೂ ನಷ್ಟ.)

ನೀವು ಗಾಬರಿಯಾಗುವ ಕಾರಣವೂ ಇಲ್ಲ. ಗೋಲ್ಡ್ ಮುಗಿಸಲು 25 ತುಂಬುವವರೆಗೆ ಸಮಯವಿದೆ. ಯೂನಿವರ್ಸಿಟಿ ಅರ್ಜಿಯಲ್ಲಿ ಮಾಡುತ್ತಿದ್ದೇನೆ ಅಂತ ಬರೆದರೂ ನಡೆಯುತ್ತದೆ. ಲೆಕ್ಕ ವಾರಕ್ಕೆ ಸರಾಸರಿ ಒಂದು ಗಂಟೆ. ರಜೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಿ ಮುಗಿಸುವ ಹಾಗಿಲ್ಲ. ನಿಮ್ಮಲ್ಲಿ ಕೆಲವರು ಅದನ್ನೂ ಕೇಳಿದ್ದೀರಿ, ಅದಕ್ಕೂ ಉತ್ತರ ಇದೇ. ಬೆಟ್ಟಕ್ಕೆ ಹೋದಾಗ ದಾರಿಯುದ್ದಕ್ಕೂ ಹಿಂದೆ ಕಾರಿನಲ್ಲಿ ಹೋಗುವುದನ್ನೂ ಬಿಡಿ. ಹೋದ ಬೇಸಿಗೆಯಲ್ಲಿ ಒಂದು ಕಾರ್ ಪಾರ್ಕಿನಲ್ಲಿ ಬಿಸಿ ಬಿಸಿ ಇಡ್ಲಿ ಹಿಡಿದು ನಿಂತ ಅಪ್ಪನೊಬ್ಬರನ್ನು ನಾನೇ ನೋಡಿದೆ. ಇಡ್ಲಿ ಚೆನ್ನಾಗಿತ್ತು, ಆ ಹುಡುಗ ನಾಚಿಕೆಯಿಂದ ಕಲ್ಲಿನ ಹಿಂದೆ ಹೋಗಿ ಕೂತಿದ್ದ.

ಫೋನ್ ಮಾಡಿದವರಿಗೆ ಮಾತ್ರ ಒಂದು ವಿಷಯ. ನಿಮ್ಮ ಮಗಳು ಆರು ವಾರದಲ್ಲಿ ಏನು ಮಾಡಿದಳು ಗೊತ್ತಾ? ಒಬ್ಬ ಐದು ವರ್ಷದ ಹುಡುಗನಿಗೆ ಳ ಬರೆಯುವುದು ಹೇಳಿಕೊಟ್ಟಳು. ಅವನು ಯಾರು ಹೇಳಿಕೊಟ್ಟರೂ ಅದನ್ನು ಇಂಗ್ಲಿಷಿನ ಎಂಟರ ಹಾಗೆ ಬರೆಯುತ್ತಿದ್ದ. ಇವಳು ಬೋರ್ಡಿನ ಮೇಲೆ ಒಂದು ಬಸವನಹುಳು ಬರೆದು, ಅದು ಎಲ್ಲಿ ಸುತ್ತಿಕೊಂಡು ಎಲ್ಲಿ ಹೊರಗೆ ಬರುತ್ತದೆ ಅಂತ ಅವನ ಬೆರಳು ಹಿಡಿದು ತೋರಿಸಿದಳು. ಈಗ ಬಂದ ಕೂಡಲೇ ಬೋರ್ಡ್ ತುಂಬ ಳ ಬರೆದು, "ಅಕ್ಕ ಇವತ್ತೂ ಬರಲ್ವಾ?" ಅಂತ ಕೇಳುತ್ತಾನೆ. ನಾನು "ನೋಡೋಣ" ಅನ್ನುತ್ತೇನೆ.

ಈ ಶನಿವಾರ ಎಂದಿನ ಹಾಗೆ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತೇನೆ. ಕ್ಲಾಸ್ ನಡೆಯುವ ಹಾಲ್‌ನ ಹೀಟರ್ ಕೆಟ್ಟಿದೆ, ಸ್ವೆಟರ್ ಹಾಕಿ ಕಳಿಸಿ. ಬೋರ್ಡ್ ಒರೆಸುವ ಬಟ್ಟೆ ಎಲ್ಲೋ ಕಳೆದುಹೋಗಿದೆ. ಮನೆಯಲ್ಲಿ ಹಳೇ ಪಂಚೆ ತುಂಡು ಇದ್ದರೆ ಅವಳ ಕೈಯಲ್ಲೇ ಕೊಟ್ಟು ಕಳಿಸಿ.

ಇಂತಿ,
ನಿಮ್ಮ ಶನಿವಾರದ ಆಂಟಿ